ಬಿದ್ದರೆ ಯಾವ ವಿಮಾನ ಕಾಪಾಡುತ್ತದೆ?

2010ರ ಮೇ 22. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಬೋಯಿಂಗ್ ವಿಮಾನ ಕಣಿವೆಗೆ ಬಿತ್ತು. 158 ಜನರನ್ನು ಕಳೆದುಕೊಂಡೆವು, ಬದುಕಿದವರು 8 ಮಂದಿ.

ಅಂಥ ಬೋಯಿಂಗ್ ಇಳಿಯುವುದು ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರುವಂಥ ಪುಟ್ಟ, ಹಗುರ ವಿಮಾನವಾದ ಮೈಕ್ರೋಲೈಟ್‌ಗೆ 70-80 ಸಾಕು. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು! ನಿಧಾನವೇ ಮೈಕ್ರೋಲೈಟ್‌ನ ದೊಡ್ಡ ರಕ್ಷಣೆ. ಎಂಜಿನ್ ನಿಂತರೆ ಬಯಲು ಗದ್ದೆಯಲ್ಲೂ ಇಳಿಸಬಹುದು.

ಆದರೆ ಹಲವು ಮೈಕ್ರೋಲೈಟ್‌ಗಳ ಮೈ ಬರೀ ಅಲ್ಯೂಮಿನಿಯಂ ಕೊಳವೆ, ಮೇಲೊಂದು ಬಟ್ಟೆ. ಮೂಗು ಮುಂದಾಗಿ ಬಿದ್ದರೆ ಪೈಲಟ್‌ನ ಕಾಲಿಗೇ ಮೊದಲ ಪೆಟ್ಟು. ಸೆಸ್ನಾ 172 ಎಂಬ ಸಣ್ಣ ವಿಮಾನ ಅದಕ್ಕಿಂತ ಹೆಚ್ಚು ಭಾರ, ಹೆಚ್ಚು ವೇಗ. ಆದರೂ ಗಟ್ಟಿ ಲೋಹದ ಕ್ಯಾಬಿನ್. ಹೊಸ ಮಾದರಿಗಳಲ್ಲಿ 26 ಜಿ (ಗುರುತ್ವದ 26 ಪಟ್ಟು) ಹೊಡೆತಕ್ಕೆ ಪರೀಕ್ಷಿಸಿದ ಸೀಟು.

ಮೈಕ್ರೋಲೈಟ್ ಹತ್ತುವ ಮುಂಚೆ ದಯವಿಟ್ಟು ಕೇಳಿ: ಭುಜಕ್ಕೂ ಬೆಲ್ಟ್ ಇದೆಯಾ? ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದೆಯಾ? ತೀರಾ ಕೆಳಗಿದ್ದರೆ ಅದೂ ಬಿಚ್ಚಿಕೊಳ್ಳಲು ಸಮಯ ಸಾಲದು.