ವಲಸೆ ಬಂದವರ ವಿದ್ಯೆಗೆ ಬೆಲೆಯೆಷ್ಟು?

ಮೇಲಕ್ಕೆಸೆದ ಕಲ್ಲು ಮೊದಲು ವೇಗವಾಗಿ ಏರಿ, ಬರಬರುತ್ತ ನಿಧಾನಿಸಿ, ಶಿಖರವನ್ನು ಮುಟ್ಟಿ ಅನಂತರ ಕೆಳಗಿಳಿಯುವುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕಾಲಕ್ಕೂ ಎತ್ತರಕ್ಕೂ ಇರುವ ಸಂಬಂಧವನ್ನು ನಕ್ಷೆಯಲ್ಲಿ ಬರೆದರೆ ಪರವಲಯವೆಂಬ ವಕ್ರರೇಖೆ ದೊರೆಯುತ್ತದೆ. ಮನುಷ್ಯನ ಸಂಪಾದನೆಯೂ ಹೆಚ್ಚುಕಡಮೆ ಇಂತಹುದೇ ರೇಖೆಯಲ್ಲಿ ಸಾಗುವುದೆಂದರೆ ಆಶ್ಚರ್ಯವಲ್ಲವೆ?

ಇದನ್ನು ಸೂತ್ರರೂಪಕ್ಕೆ ತಂದವರು ಜೇಕಬ್ ಮಿನ್ಸರ್ ಎಂಬ ಅರ್ಥಶಾಸ್ತ್ರಜ್ಞರು. ೧೯೨೨ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಸೆರೆಶಿಬಿರಗಳ ಕಷ್ಟವನ್ನುಂಡು, ೧೯೪೮ರಲ್ಲಿ ಅಮೆರಿಕವನ್ನು ಸೇರಿದ ಅವರೂ ಒಬ್ಬ ವಲಸೆಗಾರರೇ. ಅಮೆರಿಕದಲ್ಲಿ ಬೇಸಾಯೇತರ ವೃತ್ತಿಗಳಲ್ಲಿದ್ದ ಬಿಳಿಯ ಪುರುಷರು ೧೯೫೯ರಲ್ಲಿ ಗಳಿಸಿದ ಆದಾಯವನ್ನು ಅವರು ಪರಿಶೀಲಿಸಿ, ೧೯೭೪ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಆದಾಯವು ನೂರಕ್ಕೆ ಸುಮಾರು ೧೧ರಂತೆ ಚಕ್ರಬಡ್ಡಿಯ ರೀತಿಯಲ್ಲಿ ಬೆಳೆಯುತ್ತಿತ್ತು. ಕೆಲಸದ ಮೊದಲ ವರ್ಷದ ಅನುಭವವು ನೂರಕ್ಕೆ ಸುಮಾರು ೮ನ್ನು ಕೂಡಿಸುತ್ತಿತ್ತು. ಮುಂದಿನ ವರ್ಷಗಳಲ್ಲಿ ಈ ಹೆಚ್ಚಳ ಕುಗ್ಗುತ್ತ ಹೋಗಿ, ಸುಮಾರು ೩೪ನೆಯ ವರ್ಷದಲ್ಲಿ ರೇಖೆಯು ಶಿಖರವನ್ನು ಮುಟ್ಟುತ್ತಿತ್ತು. ಇಷ್ಟಾದರೂ ಜನರ ಆದಾಯಗಳಲ್ಲಿನ ವ್ಯತ್ಯಾಸದ ಮೂರನೆಯ ಒಂದು ಭಾಗವನ್ನು ಸಹ ಈ ಸೂತ್ರ ಪೂರ್ಣವಾಗಿ ವಿವರಿಸಲಾರದು.

ಊರು ಬದಲಾದರೆ?

ಕಲ್ಲನ್ನು ಚಂದ್ರಲೋಕಕ್ಕೆ ಒಯ್ದರೆ ಅದರ ದ್ರವ್ಯರಾಶಿ ಎಳ್ಳಷ್ಟೂ ಬದಲಾಗದು. ತೂಕ ಮಾತ್ರ ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವಲಸೆಗಾರನ ಪಾಡೂ ಹೀಗೆಯೆ. ಅವನ ವಿದ್ಯೆ ಅವನೊಡನೆಯೇ ಬರುತ್ತದೆ. ಅದರ ಬೆಲೆಯನ್ನು ಕಟ್ಟುವುದು ಹೊಸ ಊರಿನ ಪೇಟೆ.

ಇದಕ್ಕೆ ಇಸ್ರೇಲಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಅಪರೂಪ. ೧೯೯೦ ಮತ್ತು ೧೯೯೧ರ ಎರಡೇ ವರ್ಷಗಳಲ್ಲಿ ಸೋವಿಯತ್ ಒಕ್ಕೂಟದಿಂದ ಮೂರು ಲಕ್ಷಕ್ಕೂ ಮಿಕ್ಕ ಜನ ಆ ಚಿಕ್ಕ ದೇಶವನ್ನು ಸೇರಿದರು. ಅವರಲ್ಲಿ ಇಂಜಿನಿಯರುಗಳೂ ವೈದ್ಯರೂ ಬಹು ಮಂದಿ. ಆದರೆ ಹೀಬ್ರೂ ಭಾಷೆ ಬಾರದೆ, ವೈದ್ಯವೃತ್ತಿಗೆ ಬೇಕಾದ ಪರವಾನಗಿ ದೊರೆಯದೆ, ಅವರಲ್ಲಿ ಅನೇಕರು ಮೊದಮೊದಲು ಕಸ ಗುಡಿಸುವ, ಕಾವಲು ಕಾಯುವ ಕೆಲಸಗಳನ್ನು ಹಿಡಿದರು. ಬಂದ ಹೊಸತರಲ್ಲಿ ತಾಯ್ನಾಡಿನ ವಿದ್ಯೆಗೂ ಅನುಭವಕ್ಕೂ ಕೂಲಿಯಲ್ಲಿ ಬಹುತೇಕ ಯಾವ ಪ್ರತಿಫಲವೂ ಇರಲಿಲ್ಲವೆಂದು ಎಕ್‌ಸ್ಟೈನ್ ಮತ್ತು ವೈಸ್ ಎಂಬ ಅರ್ಥಶಾಸ್ತ್ರಜ್ಞರು ಕಂಡುಕೊಂಡರು. ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚು ಕುಶಲರಾದವರ ಸಂಬಳ ವರ್ಷಕ್ಕೆ ನೂರಕ್ಕೆ ೮ರಂತೆ ಏರಿತು. ಆದರೂ ಅದು ಸರಿಸಮಾನರಾದ ಸ್ಥಳೀಯರ ಸಂಬಳದ ಸಮೀಪಕ್ಕೆ ಬಂದಿತೇ ಹೊರತು ಅದನ್ನು ಮುಟ್ಟಲಿಲ್ಲ.

ಇಸ್ರೇಲಿನ ಹಿಂದಿನ ಜನಗಣತಿಗಳನ್ನು ಶೋಧಿಸಿದ ರೇಚಲ್ ಫ್ರೀಡ್‌ಬರ್ಗರು ೨೦೦೦ದಲ್ಲಿ ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು. ವಲಸೆ ಬಂದ ಮೇಲೆ ಪಡೆದ ಶಿಕ್ಷಣವು ತನ್ನ ಬೆಲೆಯನ್ನು ತರುವುದಲ್ಲದೆ, ಹಿಂದೆ ತಾಯ್ನಾಡಿನಲ್ಲಿ ಕಲಿತ ವಿದ್ಯೆಯ ಬೆಲೆಯನ್ನೂ ಏರಿಸುತ್ತದೆ! ಹೊಸ ದೀಪವು ತಾನು ಬೆಳಗುವುದಲ್ಲದೆ ಕತ್ತಲಲ್ಲಿದ್ದ ಹಳೆಯ ಸಾಮಾನನ್ನೂ ಕಾಣಿಸಿದಂತೆ.

ಒಂದೇ ಛಾಯಾಚಿತ್ರದ ಮೋಸ

ಇಲ್ಲಿ ಅಳತೆಯ ಒಂದು ಸೂಕ್ಷ್ಮವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಅಮೆರಿಕದ ೧೯೭೦ರ ಜನಗಣತಿಯನ್ನು ಆಧರಿಸಿ ಬ್ಯಾರಿ ಚಿಸ್‌ವಿಕ್ಕರು ೧೯೭೮ರಲ್ಲಿ, ವಲಸೆಗಾರರ ಗಳಿಕೆ ಸುಮಾರು ೧೩ ವರ್ಷಗಳಲ್ಲಿ ಸ್ಥಳೀಯರ ಗಳಿಕೆಗೆ ಸಮನಾಗುವುದೆಂದು ಬರೆದರು. ಆದರೆ ಜನಗಣತಿಯೊಂದು ಒಂದು ಕ್ಷಣದ ಛಾಯಾಚಿತ್ರವಷ್ಟೆ. ತೋಟದ ಒಂದು ಚಿತ್ರದಲ್ಲಿ ಹಳೆಯ ತೆಂಗು ಎತ್ತರವಾಗಿಯೂ ಎಳೆಯ ತೆಂಗು ಗಿಡ್ಡವಾಗಿಯೂ ಕಂಡರೆ, ಎಳೆಯದೂ ಮುಂದೆ ಅಷ್ಟೇ ಬೆಳೆಯುವುದೆಂದು ಹೇಳಬಹುದೆ? ಎರಡೂ ಬೇರೆ ಬೇರೆ ತಳಿಯ ಸಸಿಗಳಾಗಿದ್ದರೆ? ೧೯೮೫ರಲ್ಲಿ ಜಾರ್ಜ್ ಬೋರ್ಹಾಸರು ಇದೇ ಆಕ್ಷೇಪವನ್ನೆತ್ತಿ, ೧೯೭೦ ಮತ್ತು ೧೯೮೦ರ ಎರಡು ಗಣತಿಗಳನ್ನು ಜೋಡಿಸಿ, ಒಂದೇ ಕಾಲಕ್ಕೆ ಬಂದ ತಂಡವನ್ನು ಹಿಂಬಾಲಿಸಿ ನೋಡಿದರು. ಬೆಳವಣಿಗೆಯು ಮೊದಲು ತೋರಿದ್ದಕ್ಕಿಂತ ನಿಧಾನವೆಂದು ತಿಳಿದುಬಂದಿತು. ಚಲನೆಯನ್ನು ಅರಿಯಲು ಒಂದು ಚಿತ್ರ ಸಾಲದು, ಎರಡಾದರೂ ಬೇಕು.

ಇದು ದೂರದೇಶಗಳ ಮಾತು ಮಾತ್ರವಲ್ಲ. ರಾಯಚೂರು, ಕಲಬುರಗಿಗಳ ಕಡೆಯಿಂದ ಬೆಂಗಳೂರಿಗೆ ಬಂದು ಕಟ್ಟಡಗಳಲ್ಲಿ ದುಡಿಯುವವರು ಗಡಿಯನ್ನು ದಾಟಿಲ್ಲ, ಭಾಷೆಯನ್ನೂ ಬದಲಿಸಿಲ್ಲ. ಆದರೆ ಗಾರೆ ಕೆಲಸದಲ್ಲಿ ಪಳಗಿದ ಕೈಗೆ ಯಾವ ಶಾಲೆಯ ಪತ್ರವೂ ಇರುವುದಿಲ್ಲ. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ದುಡಿಮೆಯಲ್ಲಿಯೇ ಕಲಿತ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೊಂದನ್ನು ಸೇರಿಸಿದುದು ಈ ಕೊರತೆಯನ್ನು ಕಂಡೇ.

ಭೂಮಿಯ ಗುರುತ್ವವನ್ನು ನಾವು ಬದಲಿಸಲಾರೆವು. ಪೇಟೆಯ ಗುರುತ್ವವಾದರೋ ಮನುಷ್ಯರೇ ನಿರ್ಮಿಸಿದುದು. ಭಾಷೆ ಕಲಿಸುವ ತರಗತಿ, ನ್ಯಾಯವಾದ ಪರೀಕ್ಷೆ, ಸಂಜೆಯ ಶಾಲೆ ಇವುಗಳಿಂದ ಅದು ಬದಲಾಗುತ್ತದೆ. ಬದಲಾಗದಿದ್ದರೆ ವೈದ್ಯನು ಕಸ ಗುಡಿಸುವಷ್ಟು ಕಾಲವೂ ರೋಗಿಯೊಬ್ಬನು ವೈದ್ಯನಿಲ್ಲದೆ ಕಾಯಬೇಕಾಗುತ್ತದೆ. ನಷ್ಟ ವಲಸೆಗಾರನೊಬ್ಬನದೇ ಅಲ್ಲ.