ಜೀಪಿಗೆ ಶಾಖದ ಮೀಟರು

ಗೊಬ್ಬರದ ಮೂಟೆ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವ ಹಳೆಯ ಜೀಪುಗಳಲ್ಲಿ ಶಾಖದ ಮೀಟರು ಕೆಟ್ಟು ನಿಂತಿರುವುದೇ ಹೆಚ್ಚು. ಎಂಜಿನ್ ಕಾದು ಹೆಡ್ ಬಾಗಿದರೆ ಆಗುವ ಖರ್ಚಿನ ಮುಂದೆ ಹೊಸ ಮೀಟರಿನ ಬೆಲೆ ಏನೂ ಅಲ್ಲ. ಸದಸ್ಯರು ಇದನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ತೆಳುವಾದ ಲೋಹದ ನಳಿಕೆಯು ಎಂಜಿನ್ನಿನಿಂದ ಮೀಟರಿನವರೆಗೂ ಬರುತ್ತದೆ. ಉದ್ದವಾಯಿತೆಂದು ಅದನ್ನು ಕತ್ತರಿಸಿದರೆ ಮೀಟರೇ ನಿರುಪಯುಕ್ತ. ಹೆಚ್ಚಿದ್ದನ್ನು ಸುರುಳಿ ಸುತ್ತಿ ಕಟ್ಟಬೇಕು. ಇನ್ನೊಂದು ವಿದ್ಯುತ್ತಿನದು. ಇದರಲ್ಲಿ ಸೆಂಡರೂ ಮೀಟರೂ ಒಂದೇ ಜೋಡಿಯವಾಗಿರತಕ್ಕದ್ದು. ಒಂದೇ ತಂತಿಯ ಸೆಂಡರು ಎಂಜಿನ್ನಿನ ಲೋಹದಿಂದಲೇ ಅರ್ತ್ ಪಡೆಯುತ್ತದೆ. ನೀರು ಸೋರದಿರಲೆಂದು ಥ್ರೆಡ್ಡಿಗೆ ದಪ್ಪಗೆ ಟೇಪು ಸುತ್ತಿದರೆ ಮುಳ್ಳು ಸುಳ್ಳು ಹೇಳುತ್ತದೆ.

ಎಂಜಿನ್ ತಣ್ಣಗಿರುವಾಗ, ಬ್ಯಾಟರಿಯ ಅರ್ತ್ ತಂತಿ ಕಳಚಿಯೇ ಕೆಲಸ ಹಿಡಿಯಬೇಕು. ಎಂಜಿನ್ ಕಡೆಯಿಂದ ತಂತಿ ಒಳಬರುವ ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ ಅವಶ್ಯ. ಇಲ್ಲವಾದರೆ ನಮ್ಮ ರಸ್ತೆಗಳ ಕುಲುಕಾಟಕ್ಕೆ ತಂತಿ ಸವೆದು ಶಾರ್ಟ್ ಆಗುತ್ತದೆ. ಕರೆಂಟನ್ನು ಇಗ್ನಿಷನ್ ಸ್ವಿಚ್ಚಿನಿಂದ ಫ್ಯೂಸಿನ ಮೂಲಕವೇ ತರಬೇಕು.

ಏರಿದ್ದ ಮುಳ್ಳು ಥಟ್ಟನೆ ಇಳಿದರೆ ಎಂಜಿನ್ ತಣಿಯಿತೆಂದು ತಿಳಿಯಬೇಡಿ. ನೀರು ಖಾಲಿಯಾಗಿ ಸೆಂಡರಿಗೆ ಏನೂ ತಾಗದಿರಬಹುದು. ಕೂಡಲೇ ಎಂಜಿನ್ ನಿಲ್ಲಿಸಿ. ಪೂರ್ತಿ ತಣಿಯುವ ತನಕ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ.