ಹೊಲದ ಊಟ ಅಂಗಳಕ್ಕೆ ಬಂದ ದಿನ

ಎಳ್ಳ ಅಮಾವಾಸ್ಯೆ ಅಂದರೆ ನಮ್ಮ ಯಾದಗಿರಿ, ಕಲಬುರಗಿ, ಬೀದರ್ ಸೀಮೆಯವರಿಗೆ ಮನೆಯಲ್ಲಿ ಕೂತು ಉಣ್ಣುವ ಹಬ್ಬವಲ್ಲ. ಬುತ್ತಿ ಕಟ್ಟಿಕೊಂಡು ಬಂಡಿಯೋ ಟ್ರ್ಯಾಕ್ಟರೋ ಹತ್ತಿ ಹೊಲಕ್ಕೇ ಹೋಗಬೇಕು. ಆ ಹೊತ್ತಿಗೆ ಹಿಂಗಾರಿ ಜೋಳ ಎತ್ತರಕ್ಕೆ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ. ಬಸುರಿ ಭೂತಾಯಿಗೆ ಪೂಜೆ ಮಾಡಿ, ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಗಿಡದ ನೆರಳಿಗೆ ಸಾಲಾಗಿ ಕೂತು ಊಟ. ಹೊಲ ಇಲ್ಲದವರನ್ನು, ಪಟ್ಟಣದ ಗೆಳೆಯರನ್ನು ಕರೆದುಕೊಂಡು ಹೋಗುವುದೂ ಅಂದಿನ ಪದ್ಧತಿಯೇ.

ಮುದನಾಳದ ನಮ್ಮ ಮನೆಯಲ್ಲಿ ಈ ಹಬ್ಬದ ಲೆಕ್ಕಾಚಾರ ದೀಪಾವಳಿ ಮುಗಿಯುತ್ತಲೇ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುವ ಕಾಕಾ, ಚಿಗವ್ವ, ಅವರ ಮಕ್ಕಳು ರಾತ್ರಿ ರೈಲಿಗೆ ಹತ್ತಿ ಬೆಳಿಗ್ಗೆ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. 2024ರಲ್ಲಿ ಅಮಾವಾಸ್ಯೆ ಡಿಸೆಂಬರ್ 30ರ ಸೋಮವಾರ ಬಂದಿತ್ತು. ಗುರುವಾರ ರಾತ್ರಿ ಕಾಕಾನ ಫೋನ್ ಬಂತು. “ಸ್ಲ್ಯಾಬ್ ಹಾಕೋದದ, ಮೇಸ್ತ್ರಿ ಬಿಡವಲ್ಲ. ಈ ಸಲ ಬರ್ಲಾಕ ಆಗಂಗಿಲ್ಲಣ್ಣ” ಅಂದ. ಅದಕ್ಕೂ ಮೊದಲೇ ಅವ್ವ ಅಕ್ಕನ ಬಾಣಂತನಕ್ಕೆಂದು ಶಹಾಪುರಕ್ಕೆ ಹೋಗಿಯಾಗಿತ್ತು. ಕೂಸು ಎರಡು ವಾರ ಮೊದಲೇ ಹುಟ್ಟಿತ್ತು.

ಮನೆಯಲ್ಲಿ ಉಳಿದವರು ಅಪ್ಪ, ಆಯಿ, ನಾನು ಮತ್ತು ಬಿ.ಎಸ್ಸಿ. ಓದುವ ತಂಗಿ. “ನಾನೊಬ್ಬನ ಹೋಗಿ ಚರಗ ಚೆಲ್ಲಿ ಬರ್ತೀನಿ. ಅಡಗಿ ಗಿಡಗಿ ಏನೂ ಬ್ಯಾಡ” ಎಂದು ಅಪ್ಪ ಎದ್ದುಬಿಟ್ಟ. ಮೂಲೆಯಲ್ಲಿ ಕೂತಿದ್ದ ಆಯಿ ಮೆಲ್ಲಗೆ ಹೇಳಿದಳು: “ಒಂದ್ ವರ್ಷ ಬಿಟ್ರ ಮುಂದಿನ ವರ್ಷ ಬಿಡೋದು ಹಗುರ ಆಗ್ತದಪ್ಪ.”

ಆ ಮಾತು ಎದೆಗೆ ನಾಟಿತು. ನಮ್ಮ ಓಣಿಯಲ್ಲೇ ಹಾಗೆ ಬಿಟ್ಟುಹೋದ ಮನೆಗಳಿವೆ. ಮಕ್ಕಳು ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋದರು. ಒಂದು ವರ್ಷ ರಜೆ ಸಿಗಲಿಲ್ಲ, ಇನ್ನೊಂದು ವರ್ಷ ಟಿಕೆಟ್ ಸಿಗಲಿಲ್ಲ. ಮೂರನೇ ವರ್ಷ ಬರುತ್ತೀರಾ ಎಂದು ಕೇಳುವುದನ್ನೇ ಹಿರಿಯರು ಬಿಟ್ಟರು.

ನನ್ನಂಥವರಿಗೆ ಹಬ್ಬದಲ್ಲಿ ಇನ್ನೊಂದು ಸಂಕಟವಿದೆ. ಡಿಗ್ರಿ ಮುಗಿದು ಎರಡು ವರ್ಷ, ಓದು ಇನ್ನೂ ನಡೆದೇ ಇದೆ. ನೆಂಟರು ಸೇರಿದರೆ ಸಾಕು, “ಏನಾತು, ನೌಕರಿ ಹತ್ತಿತೇನು?” ಎಂಬ ಪ್ರಶ್ನೆ ರೊಟ್ಟಿಗಿಂತ ಮೊದಲು ತಾಟಿಗೆ ಬೀಳುತ್ತದೆ. ಯಾರೂ ಬರುವುದಿಲ್ಲ ಅಂದಾಗ ಒಂದು ಕ್ಷಣ ಹಗುರವೂ ಅನಿಸಿತ್ತು. ಆದರೆ ಅಪ್ಪನ ಮುಖ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. “ಚರಗ ನೀ ಚೆಲ್ಲಿ ಬಾ ಅಪ್ಪ. ಊಟ ಮನ್ಯಾಗ ನಾವು ಮಾಡ್ತೀವಿ” ಎಂದು ನಾನೂ ತಂಗಿಯೂ ಹೇಳಿದೆವು.

“ಯಾರಿಗೆ?” ಎಂದ ಅಪ್ಪ.

ಅದಕ್ಕೆ ಉತ್ತರವಾಗಿ ಒಂದು ಪಟ್ಟಿ ಮಾಡಿದೆವು. ಇಬ್ಬರು ಗಂಡುಮಕ್ಕಳೂ ಪುಣೆಯಲ್ಲಿರುವ ಪಕ್ಕದ ಮನೆಯ ಮುತ್ಯಾ ಮತ್ತು ಆತನ ಹೆಂಡತಿ. ಗಂಡ ಹೈದರಾಬಾದಿನಲ್ಲಿರುವ ಓಣಿಯ ಅಕ್ಕ, ಅವಳ ಇಬ್ಬರು ಮಕ್ಕಳು. ನಮ್ಮ ಹೊಲದಲ್ಲಿ ದುಡಿಯುವ ಹಿರಿಯರೊಬ್ಬರು. ಜೊತೆಗೆ ಯಾದಗಿರಿಯಲ್ಲಿ ರೂಮು ಮಾಡಿಕೊಂಡು ಓದುವ ನನ್ನ ಇಬ್ಬರು ಗೆಳೆಯರು. ಹಬ್ಬದ ಹಿಂದಿನ ದಿನ, 29ರ ಭಾನುವಾರವೇ, ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಮರುಪರೀಕ್ಷೆ ಇತ್ತು. ಎರಡು ಪತ್ರಿಕೆ ಬರೆದು ಔರಾದಿನವನು ಹಬ್ಬಕ್ಕೆ ಊರು ಮುಟ್ಟುವಂತಿರಲಿಲ್ಲ. ಸುರಪುರ ಕಡೆಯವನಿಗೆ ಊರು ಹತ್ತಿರವಿತ್ತು, ಹೊಲ ಇರಲಿಲ್ಲ. ನಾವೂ ಸೇರಿ ಹನ್ನೆರಡು ಮಂದಿ.

ಅಡುಗೆಯ ಪಟ್ಟಿಯನ್ನು ಮಾತ್ರ ಕತ್ತರಿಸಿದೆವು. ಅವ್ವ ಇದ್ದಿದ್ದರೆ ಹತ್ತು ಹನ್ನೊಂದು ಬಗೆ ಆಗುತ್ತಿತ್ತು. ನಾವು ಇಟ್ಟುಕೊಂಡದ್ದು ಐದು: ಭಜ್ಜಿ, ಸಜ್ಜೆ ಕಡಬು, ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ. ತಲೆಗೆ ಮೂರರಂತೆ ಮೂವತ್ತಾರು, ಮೇಲೆ ನಾಲ್ಕು ಸೇರಿಸಿ ನಲವತ್ತು ಖಡಕ್ ರೊಟ್ಟಿಯನ್ನು ಯಾದಗಿರಿಯಲ್ಲಿ ರೊಟ್ಟಿ ಮಾಡಿ ಮಾರುವ ಮನೆಯೊಂದರಿಂದ ತಂದೆವು. ಹೋಳಿಗೆ ಕೆಡುವುದಿಲ್ಲವಾದ್ದರಿಂದ ತಂಗಿ ಶನಿವಾರವೇ ಮಾಡಿಟ್ಟಳು. ಅಂಬಲಿಗೆ ಜೋಳದ ಹಿಟ್ಟು ಭಾನುವಾರ ರಾತ್ರಿಯೇ ಕುದಿಸಿಟ್ಟರೆ ಮರುದಿನ ಮಜ್ಜಿಗೆ ಬೆರೆಸಿದರೆ ಆಯಿತು.

ಭಾನುವಾರ ಸಂಜೆ ಪರೀಕ್ಷೆ ಮುಗಿಸಿ ಗೆಳೆಯರೂ ನನ್ನ ಜೊತೆ ಬಂದರು. ಮೂವರೂ ಕೂತು ಹಸಿ ತೊಗರಿ, ಅವರೆ, ಕಡಲೆ ಸುಲಿದೆವು. ಕೀ ಆನ್ಸರ್ ಮಾತು ಎತ್ತಿದವನು ಪಾತ್ರೆ ತೊಳೆಯಬೇಕು ಎಂಬ ಕರಾರಾಗಿತ್ತು. ಬೆಳಿಗ್ಗೆ ಅದೇ ಕಾಳಿಗೆ ಮೆಂತ್ಯೆ, ಪಾಲಕ್ ಸೊಪ್ಪು ಸೇರಿಸಿ ಬೇಯಿಸಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕಲಸಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಭಜ್ಜಿ. ಅವ್ವ ಶಹಾಪುರದಿಂದ ಫೋನಿನಲ್ಲೇ ಉಪ್ಪು ಖಾರ ನೋಡಿದಳು!

ಕಡಬು ಮಾತ್ರ ನಮ್ಮ ಕೈಗೆ ಬಗ್ಗಲಿಲ್ಲ. ಸಜ್ಜೆ ಹಿಟ್ಟಿಗೆ ಜಿಗಿ ಕಡಿಮೆ, ಸೀಳಿ ಸೀಳಿ ಹೋಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಒಳಗೆ ಬಂದು, “ಉಣ್ಲಾಕ ಕರದೀರಿ, ಮಾಡ್ಲಾಕ ಯಾಕ ಕರೀಲಿಲ್ಲ?” ಎಂದು ಸೆರಗು ಸಿಕ್ಕಿಸಿ ಕೂತೇಬಿಟ್ಟಳು. ಬಿಸಿನೀರು ಎಷ್ಟು, ನಾದುವುದು ಎಷ್ಟು ಎಂದು ತಂಗಿಗೆ ಹೇಳಿಕೊಡುತ್ತ ಅರ್ಧ ತಾಸಿನಲ್ಲಿ ಒಂದು ಬುಟ್ಟಿ ಕಡಬು ಮುಗಿಸಿದಳು. ಮಕ್ಕಳು ಊರು ಬಿಟ್ಟ ಮೇಲೆ ಇಷ್ಟು ಮಂದಿಗೆ ಮಾಡಿಯೇ ಇರಲಿಲ್ಲ ಅಂದಳು.

ಅಪ್ಪ ಚರಗ ಚೆಲ್ಲಿ, ಸುಲಗಾಯಿಯ ಹೊರೆ ಹೆಗಲಿಗೆ ಹಾಕಿಕೊಂಡು ಮಧ್ಯಾಹ್ನ ಬಂದ. ಅಂಗಳದ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿದೆವು. ಮೊಣಕಾಲು ನೋವಿನಿಂದ ಬಂಡಿ ಹತ್ತಲಾಗದೆ ಮೂರು ವರ್ಷ ಅಮಾವಾಸ್ಯೆಯಂದು ಮನೆಯಲ್ಲಿ ಒಬ್ಬಳೇ ಉಳಿಯುತ್ತಿದ್ದ ಆಯಿ, ಆ ದಿನ ಎಲ್ಲರ ನಡುವೆ ಕೂತು ಉಂಡಳು. ಊಟ ಮನೆಗೆ ಬಂದಿದ್ದಕ್ಕೇ ಅವಳಿಗೆ ಪಂಕ್ತಿ ಸಿಕ್ಕಿತ್ತು. ವಿಡಿಯೋ ಕಾಲಿನಲ್ಲಿ ಕಾಕಾನ ಮಕ್ಕಳು ಕಡಬು ನೋಡಿ ಹಟ ಮಾಡಿದವು. ಮರುದಿನ ಬೆಂಗಳೂರಿಗೆ ಹೊರಟಿದ್ದ ಊರವರೊಬ್ಬರ ಕೈಯಲ್ಲಿ ಆಯಿ ಒಂದು ಡಬ್ಬಿ ಹೋಳಿಗೆ ಕಳಿಸಿದಳು.

ನಾನು ಹೆದರಿದ್ದ ಪ್ರಶ್ನೆಯೂ ಬಂತು. ಮುತ್ಯಾ ಅಂಬಲಿ ಕುಡಿಯುತ್ತ, “ಪರೀಕ್ಷಾ ಹ್ಯಾಂಗಾತು ತಮ್ಮಾ?” ಎಂದ. ಮೂಲೆಯಲ್ಲಿ ಕೂತು ಉಣ್ಣುವವನಾಗಿದ್ದರೆ ಮುದುಡಿಕೊಳ್ಳುತ್ತಿದ್ದೆನೇನೋ. ಅಂದು ನನ್ನ ಕೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು. “ಪರವಾಗಿಲ್ಲ ಮುತ್ಯಾ, ನೀ ಇನ್ನೊಂದು ರೊಟ್ಟಿ ತಗೋ” ಎಂದೆ.

ಯೋಜನೆ ತಪ್ಪಿದ ಹಬ್ಬಗಳು ನಮಗೆ ಹೊಸವಲ್ಲ. 2020ರಲ್ಲಿ ಲಾಕ್‌ಡೌನಿನ ಮೊದಲ ದಿನವಾದ ಮಾರ್ಚ್ 25ರಂದೇ ಯುಗಾದಿ ಇತ್ತು. ಅಂದು ಬಾಗಿಲು ಹಾಕಿಕೊಳ್ಳುವುದು ಅನಿವಾರ್ಯವಾಗಿತ್ತು. ಈಗ ನೆಂಟರು ಬರಲಿಲ್ಲ ಎಂದು ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ಮೊದಲು ತಲೆ ಎಣಿಸಿ, ಅಡುಗೆ ಅರ್ಧ ಮಾಡಿ, ಕೊಂಡು ತರುವುದನ್ನು ಕೊಂಡು ತನ್ನಿ. ಉಣ್ಣಲು ಬರುವವರಿಗೂ ಒಂದು ಕೆಲಸ ಕೊಡಿ.

ಓದು ಮುಗಿಸಿ ಕಾಯುತ್ತಿರುವ ನಾವು ಎಲ್ಲವನ್ನೂ “ನೌಕರಿ ಸಿಗಲಿ, ಆಮೇಲೆ” ಎಂದು ಮುಂದೂಡುತ್ತೇವೆ. ಹನ್ನೆರಡು ಮಂದಿಗೆ ಉಣಬಡಿಸಲು ಯಾವ ನೇಮಕಾತಿ ಆದೇಶವೂ ಬೇಕಿಲ್ಲ. ಮುಂದಿನ ಹಬ್ಬಕ್ಕೆ ನಿಮ್ಮ ಮನೆಯ ಲೆಕ್ಕ ತಪ್ಪಿದರೆ, ಓಣಿಯಲ್ಲಿ ಯಾರ ಒಲೆ ಅಂದು ತಣ್ಣಗಿರುತ್ತದೆ ಎಂದು ಒಮ್ಮೆ ನೋಡಿ. ಪಟ್ಟಿಯನ್ನು ಅಲ್ಲಿಂದ ಶುರು ಮಾಡಿ.